ಎಡಕ್ಕೆ ಗುಲಾಬಿ, ಬಲಕ್ಕೆ ಹಸಿರು

ಮಾನಿಟರಿನ ದೋಷ ಅಂತ ನಾನು ಕೇಳಿದ ಮೊದಲ ದೂರು, ದೋಷವೇ ಅಲ್ಲದ ಎರಡು ಗೆರೆಗಳ ಮೇಲಿನದು. ತೊಂಬತ್ತರ ದಶಕದ ಕೊನೆಯ ಮಾತು. ಬೆಂಗಳೂರಿನ ಅವೆನ್ಯೂ ರಸ್ತೆಯ ಒಂದು ಗಲ್ಲಿಯ ಡಿಟಿಪಿ ಸೆಂಟರಿನಲ್ಲಿ ಕೆಲಸಕ್ಕಿದ್ದೆ. ಮಾಲೀಕರು ಚೀಟಿ ಎತ್ತಿದ ದುಡ್ಡಿನಲ್ಲಿ ಟ್ರಿನಿಟ್ರಾನ್ ಟ್ಯೂಬಿನ ಹದಿನೇಳು ಇಂಚಿನ ಮಾನಿಟರ್ ತಂದು, ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ ಆನ್ ಮಾಡಿದರು. ಪೇಜ್‌ಮೇಕರಿನ ಬಿಳಿ ಪುಟ ತೆರೆದುಕೊಂಡ ಕೂಡಲೇ ಪರದೆಗೆ ಅಡ್ಡಲಾಗಿ ಎರಡು ತೆಳು ಗೆರೆ ಕಾಣಿಸಿದವು. ಮಾಲೀಕರ ಮುಖ ಇಳಿದುಹೋಯಿತು. ಡೀಲರ್ ಕಡೆಯ ಹುಡುಗ ಬಂದು ನೋಡಿ, "ಇದು ಹಿಂಗೇ ಸಾರ್, ಎಲ್ಲಾ ಪೀಸಲ್ಲೂ ಇರುತ್ತೆ" ಅಂದ. "ಇಷ್ಟು ದುಡ್ಡು ಸುರಿದು ಗೆರೆ ತಗೊಂಡು ಹೋಗ್ಬೇಕೇನಯ್ಯ?" ಎಂದು ಮಾಲೀಕರು ಅವನ ಮೇಲೆ ಹರಿಹಾಯ್ದರು.

ಹುಡುಗ ಹೇಳಿದ್ದು ನಿಜವೇ ಆಗಿತ್ತು. 1968ರಲ್ಲಿ ಸೋನಿ ಹೊರತಂದ ಟ್ರಿನಿಟ್ರಾನ್ ಟ್ಯೂಬಿನೊಳಗೆ ಕೆಂಪು, ಹಸಿರು, ನೀಲಿಗಳನ್ನು ಬೇರ್ಪಡಿಸಲು ತೂತು ತಗಡಿನ ಬದಲು ಮೇಲಿಂದ ಕೆಳಕ್ಕೆ ಬಿಗಿದು ಕಟ್ಟಿದ ಲೋಹದ ಎಳೆಗಳ ಸಾಲು ಇರುತ್ತದೆ. ಎಳೆಗಳು ಅದುರದಿರಲಿ ಎಂದು ಅವುಗಳಿಗೆ ಅಡ್ಡಲಾಗಿ ಒಂದೋ ಎರಡೋ ತಂತಿ ಹಾಯಿಸಿರುತ್ತಾರೆ. ನಮ್ಮ ಕಣ್ಣಿಗೆ ಬಿದ್ದದ್ದು ಆ ತಂತಿಗಳ ನೆರಳು. ಅಂದಿನಿಂದ ಇಂದಿನವರೆಗೆ "ಇದು ಹಿಂಗೇ ಸಾರ್" ಅನ್ನುವುದನ್ನು ಬೇರೆ ಬೇರೆ ಬಾಯಲ್ಲಿ ಕೇಳುತ್ತಲೇ ಬಂದಿದ್ದೇನೆ. ಆ ಹುಡುಗನಷ್ಟು ಸತ್ಯವಾಗಿ ಹೇಳಿದವರು ಕಡಿಮೆ.

ಆ ಟ್ಯೂಬುಗಳ ನಿಜವಾದ ಕಾಟ ಬೇರೆಯದೇ ಇತ್ತು. ಪಕ್ಕದಲ್ಲಿ ಸ್ಪೀಕರ್ ಇಟ್ಟರೆ ಅದರ ಅಯಸ್ಕಾಂತಕ್ಕೆ ಪರದೆಯ ಮೂಲೆ ನೇರಳೆಗೆ ತಿರುಗುತ್ತಿತ್ತು. ಡಿಗಾಸ್ ಬಟನ್ ಒತ್ತಿದರೆ "ಢಂ" ಅಂತ ಸದ್ದಾಗಿ, ಚಿತ್ರವೆಲ್ಲ ಒಮ್ಮೆ ನಡುಗಿ ಸರಿಹೋಗುತ್ತಿತ್ತು. ಬಣ್ಣ ಹಾಗೆ ಕೆಟ್ಟರೂ ನಮಗೇನೂ ನಷ್ಟವಿರಲಿಲ್ಲ ಅನ್ನಿ. ನಮ್ಮ ಕೆಲಸವೆಲ್ಲ ಕಪ್ಪು ಅಕ್ಷರದ್ದು: ಲಗ್ನಪತ್ರಿಕೆ, ಪ್ರಶ್ನೆಪತ್ರಿಕೆ, ಯಾರದೋ ಕವನ ಸಂಕಲನ.

ನಾನು ಚಾಮರಾಜಪೇಟೆಯಲ್ಲಿ ಸ್ವಂತ ಕೋಣೆ ಹಿಡಿದು ಕೂತ ಹೊತ್ತಿಗೆ ಎಲ್‌ಸಿಡಿ ಬಂದಿತ್ತು. 1280ಕ್ಕೆ 1024 ಚುಕ್ಕೆಗಳ ಪರದೆ. ನಾನು ಕೊಂಡದ್ದರ ನಡುವಿನಿಂದ ಸ್ವಲ್ಪ ಮೇಲಕ್ಕೆ ಒಂದು ಕೆಂಪು ಚುಕ್ಕೆ ಆರದೆ ಉರಿಯುತ್ತಿತ್ತು. ಅದನ್ನು ಮೊದಲು ಹಿಡಿದವರು ನಮ್ಮ ಪ್ರೂಫ್ ನೋಡುತ್ತಿದ್ದ ಮೇಷ್ಟ್ರು. ಕೊನೆಯ ತಿದ್ದುಪಡಿಗೆ ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುವುದು ಅವರ ಅಭ್ಯಾಸ. ಪೆನ್ಸಿಲ್ ತುದಿಯಿಂದ ಪರದೆ ಮುಟ್ಟಿ, "ಇಲ್ಲೊಂದು ಚುಕ್ಕೆ ಬಿದ್ದಿದೆ, ತೆಗೀರಿ" ಅಂದರು. ಪುಟ ಸರಿಸಿದೆ. ಅಕ್ಷರಗಳೆಲ್ಲ ಮೇಲಕ್ಕೆ ಹೋದವು, ಚುಕ್ಕೆ ಅಲ್ಲೇ ಉಳಿಯಿತು, ಈಗ ಇನ್ನೊಂದು ಸಾಲಿನ ಮೇಲೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಅಲ್ರೀ, ಪುಟ ಸರಿದ್ರೂ ಇದು ಸರಿಯೋದಿಲ್ವಲ್ಲ!"

ಆ ಪರದೆಯಲ್ಲಿ ಇದ್ದದ್ದು 13,10,720 ಚುಕ್ಕೆಗಳು. ಒಂದೊಂದು ಚುಕ್ಕೆಯಲ್ಲೂ ಕೆಂಪು, ಹಸಿರು, ನೀಲಿಯ ಮೂರು ಕಿಂಡಿಗಳು. ಕಿಂಡಿಗೊಂದು ಟ್ರಾನ್ಸಿಸ್ಟರು. ಸುಮಾರು ಮೂವತ್ತೊಂಬತ್ತು ಲಕ್ಷ ಟ್ರಾನ್ಸಿಸ್ಟರುಗಳಲ್ಲಿ ಒಂದು ಕೈಕೊಟ್ಟಿತ್ತು. ಆಗಿನ ಅಗ್ಗದ ಟಿಎನ್ ಪ್ಯಾನೆಲ್‌ಗಳಲ್ಲಿ ವಿದ್ಯುತ್ ಕೊಟ್ಟರೆ ಕಿಂಡಿ ಮುಚ್ಚುತ್ತದೆ, ಕೊಡದಿದ್ದರೆ ತೆರೆದೇ ಇರುತ್ತದೆ. ಹಾಗಾಗಿ ಟ್ರಾನ್ಸಿಸ್ಟರು ಸತ್ತ ಕಿಂಡಿ ಸದಾ ಬೆಳಗುತ್ತದೆ. ಐಪಿಎಸ್ ಪ್ಯಾನೆಲಿನಲ್ಲಿ ಲೆಕ್ಕ ತಿರುವುಮುರುವು: ಅಲ್ಲಿ ಸತ್ತದ್ದು ಕಪ್ಪಾಗಿ ಕೂರುತ್ತದೆ, ಅಷ್ಟಾಗಿ ಕಣ್ಣು ಚುಚ್ಚುವುದಿಲ್ಲ.

ಕಂಪನಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಬಹಳ ವಿನಯದಿಂದ, ಒಂದು ಚುಕ್ಕೆಗೆಲ್ಲ ಬದಲಿ ಕೊಡುವುದಿಲ್ಲ, ಅಂತರರಾಷ್ಟ್ರೀಯ ಮಾನದಂಡವೇ ಹಾಗಿದೆ ಎಂದಳು. ಮಾನದಂಡ ಅನ್ನುವುದು ಸುಳ್ಳಲ್ಲ. 2001ರ ಐಎಸ್‌ಒ 13406-2 ಎಂಬ ನಿಯಮ ಪರದೆಗಳನ್ನು ನಾಲ್ಕು ದರ್ಜೆಗೆ ಹಂಚಿತ್ತು. ಮೊದಲ ದರ್ಜೆಯಲ್ಲಿ ಒಂದು ಚುಕ್ಕೆಯೂ ಕೆಟ್ಟಿರಕೂಡದು. ಎರಡನೆಯದರಲ್ಲಿ, ಪ್ರತಿ ಹತ್ತು ಲಕ್ಷ ಚುಕ್ಕೆಗೆ ಸದಾ ಬೆಳಗುವವು ಎರಡು, ಸದಾ ಕಪ್ಪಾದವು ಎರಡು, ಒಂದೊಂದೇ ಕಿಂಡಿ ಕೆಟ್ಟವು ಐದು ಇರಬಹುದು. ಆಗ ಮನೆ, ಆಫೀಸುಗಳಿಗೆ ಮಾರುತ್ತಿದ್ದ ಬಹುಪಾಲು ಮಾನಿಟರುಗಳು ಎರಡನೇ ದರ್ಜೆಯವು. ಪೆಟ್ಟಿಗೆಯ ಮೇಲೆ ಯಾರೂ ದರ್ಜೆ ಅಚ್ಚು ಹಾಕಿಸುವುದಿಲ್ಲ, ಹೊಟ್ಟೆಯೊಳಗಿನ ಕಾಗದದಲ್ಲಿ ಇರುತ್ತದೆ. 2008ರಲ್ಲಿ ಆ ನಿಯಮ ಹೋಗಿ 9241 ಎಂಬ ಸರಣಿಯೊಳಗೆ ಸೇರಿಕೊಂಡಿತು. ಚುಕ್ಕೆ ಎಣಿಸುವ ಪದ್ಧತಿ ಮಾತ್ರ ನಿಲ್ಲಲಿಲ್ಲ.

ಒದ್ದೆ ಬಟ್ಟೆ ಸುತ್ತಿದ ಪೆನ್ಸಿಲಿನ ಹಿಂಬದಿಯಿಂದ ಮೆಲ್ಲಗೆ ಒತ್ತುವುದು, ಆ ಜಾಗದಲ್ಲಿ ಬಣ್ಣಗಳನ್ನು ರಾತ್ರಿಯಿಡೀ ಮಿನುಗಿಸುವುದು, ಹೀಗೆ ಎಲ್ಲರೂ ಹೇಳಿದ ಮದ್ದು ಮಾಡಿದೆ. ಕೆಲವರಿಗೆ ಫಲಿಸಿದ್ದುಂಟು. ನನಗೆ ಫಲಿಸಲಿಲ್ಲ. "ವಿಭೂತಿ ಒಂದು ಹಚ್ಚಿಲ್ಲ ನೀವು" ಅಂದರು ಮೇಷ್ಟ್ರು. ಆಮೇಲೆ ಅವರೇ ಅದಕ್ಕೆ ಒಗ್ಗಿಹೋಗಿ, ಯಾರಾದರೂ ಹೊಸಬರು ಬಂದು ಬೆರಳು ತೋರಿಸಿದರೆ "ಅದು ನಮ್ಮ ಮನೆಯದ್ದೇ, ಬಿಡಿ" ಅನ್ನುತ್ತಿದ್ದರು.

ಬಣ್ಣ ನನ್ನ ತಲೆನೋವಾದದ್ದು ಚಿಕ್ಕಪೇಟೆಯ ರೇಷ್ಮೆ ಸೀರೆ ಅಂಗಡಿಯ ಶೆಟ್ಟರು ಕ್ಯಾಟಲಾಗ್ ಕೆಲಸ ಕೊಟ್ಟ ಮೇಲೆ. ಮೊದಲು ಅಚ್ಚಿನ ಕ್ಯಾಟಲಾಗ್, ಆಮೇಲೆ ಅವರ ಮಗ ಶುರುಮಾಡಿದ ಆನ್‌ಲೈನ್ ವ್ಯಾಪಾರಕ್ಕೆ ಫೋಟೊಗಳು. ಸೀರೆ ಅಂಗಡಿಯ ಬಣ್ಣಗಳಿಗೆ ಅವುಗಳದೇ ಹೆಸರು: ಗಿಣಿ ಹಸಿರು, ಬದನೆ, ಕನಕಾಂಬರ, ಗಂಧ, ರಾಮಾ ಗ್ರೀನ್, ಆನಂದ ಬ್ಲೂ. ಸಂಗೀತಗಾರ್ತಿ ಎಂ.ಎಸ್. ಸುಬ್ಬುಲಕ್ಷ್ಮಿಯವರು ಉಡುತ್ತಿದ್ದ ಕಾಂಚೀಪುರಂ ಸೀರೆಯಿಂದ ಬಂದ ಎಂ.ಎಸ್. ಬ್ಲೂ ಕೂಡ ಇದೆ. ಅದು ಯಾವ ನೀಲಿ ಎಂದು ಕೇಳಿದರೆ ಶೆಟ್ಟರು ಬೇರೆ ಬೇರೆ ಕಡೆಯಿಂದ ಬಂದ ಮೂರು ಸೀರೆ ಬಿಚ್ಚಿ ಹಾಸಿದರು. ಮೂರೂ ಎಂ.ಎಸ್. ಬ್ಲೂ. ಒಂದಕ್ಕೊಂದು ಸೇರವು.

ಟಿಎನ್ ಪರದೆಯ ಮೇಲೆ ಸೀರೆಯ ಫೋಟೊ ತಿದ್ದುವುದು ಅಂದರೆ, ಕೂತು ಒಂದು ಬಣ್ಣ, ಬೆನ್ನು ನೆಟ್ಟಗೆ ಮಾಡಿದರೆ ಇನ್ನೊಂದು. ಮೇಲಂಚು ಕಪ್ಪು, ಕೆಳಗಂಚು ಪೇಲವ. ಆ ಪ್ಯಾನೆಲ್‌ಗಳಲ್ಲಿ ಹೆಚ್ಚಿನವು ಪ್ರತಿ ಬಣ್ಣಕ್ಕೆ ಆರು ಬಿಟ್ ಮಾತ್ರ ತೋರಿಸಬಲ್ಲವು, ಅಂದರೆ ಒಟ್ಟು 2,62,144 ಬಣ್ಣ. ಪೆಟ್ಟಿಗೆಯ ಮೇಲಿನ ಒಂದು ಕೋಟಿ ಅರವತ್ತು ಲಕ್ಷಕ್ಕೂ ಮೇಲ್ಪಟ್ಟ ಲೆಕ್ಕ ಬರುವುದು, ಪಕ್ಕಪಕ್ಕದ ಛಾಯೆಗಳನ್ನು ಬೇಗ ಬೇಗ ಅದಲುಬದಲು ಮಾಡಿ ಕಣ್ಣಿಗೆ ನಡುವಿನದನ್ನು ನಂಬಿಸುವುದರಿಂದ. ಅಕ್ಷರಕ್ಕೆ ಇದೆಲ್ಲ ನಡೆಯುತ್ತದೆ. ರೇಷ್ಮೆಯ ಮಡಿಕೆಗೆ ನಡೆಯುವುದಿಲ್ಲ, ಅಲ್ಲಿ ನೆರಳು ಮೆಟ್ಟಿಲು ಮೆಟ್ಟಿಲಾಗಿ ಒಡೆದು ಕಾಣುತ್ತದೆ.

2012ರ ಹೊತ್ತಿಗೆ ಐಪಿಎಸ್ ಮಾನಿಟರುಗಳು ನಮ್ಮಂಥವರ ಕೈಗೆಟುಕುವ ಬೆಲೆಗೆ ಇಳಿದವು. ಎಸ್‌ಪಿ ರಸ್ತೆಯಲ್ಲಿ ಅಂಗಡಿ ಅಂಗಡಿ ಹತ್ತಿ ಇಳಿದು ಇಪ್ಪತ್ನಾಲ್ಕು ಇಂಚಿನದೊಂದು ತಂದೆ. ಪೆಟ್ಟಿಗೆಯ ಮೇಲೆ "99% ಎಸ್‌ಆರ್‌ಜಿಬಿ" ಎಂದು ದಪ್ಪಕ್ಷರ. ಎಸ್‌ಆರ್‌ಜಿಬಿ ಅಂದರೆ 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಮುಂದಿಟ್ಟ ಬಣ್ಣಗಳ ಒಡಂಬಡಿಕೆ. ಕಂಪ್ಯೂಟರಿನಲ್ಲಿ ಇಂಥ ಸಂಖ್ಯೆ ಇದ್ದರೆ ಪರದೆಯಲ್ಲಿ ಇಂಥ ಬಣ್ಣ ಬರಬೇಕು ಎಂಬ ಕರಾರು. ಮಾನಿಟರ್ ಆ ಬಣ್ಣಗಳಷ್ಟು ದೂರ ಹೋಗಬಲ್ಲದು ಎಂದು ಮಾತ್ರ ಪೆಟ್ಟಿಗೆ ಹೇಳುತ್ತದೆ. ಕರೆದಾಗ ಸರಿಯಾದ ಮನೆಗೇ ಹೋಗಿ ನಿಲ್ಲುತ್ತದೆ ಎಂದು ಹೇಳುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ದುಡ್ಡು ಕೊಟ್ಟವರನ್ನು ಆ ರಸ್ತೆಯಲ್ಲಿ ಬೇಕಾದಷ್ಟು ನೋಡಿದ್ದೇನೆ.

ಮನೆಗೆ ತಂದು ಒಂದು ಬೂದು ಚಿತ್ರವನ್ನು ಪರದೆ ತುಂಬ ಹರಡಿದೆ. ಎಡಗಡೆ ಗುಲಾಬಿ. ಬಲಗಡೆ ಹಸಿರು. ನಡುವೆ ಎಲ್ಲೋ ಒಂದು ಗೇಣಗಲ ಬೂದು ಬೂದಾಗಿ ಇತ್ತು. ಸೀರೆಯ ಫೋಟೊವನ್ನು ಎಡದಿಂದ ಬಲಕ್ಕೆ ಎಳೆದರೆ ಗಂಧದ ಬಣ್ಣ ಹೋಗುತ್ತ ಹೋಗುತ್ತ ಪಿಸ್ತಾ ಆಗುತ್ತಿತ್ತು.

ವಾರಂಟಿಯಲ್ಲಿ ಮೂರು ವರ್ಷ, ಮನೆಗೇ ಬಂದು ನೋಡುವ ಸೌಲಭ್ಯ. ಬಂದವನು ರಾಯಚೂರು ಕಡೆಯ ಹುಡುಗ, ಬೆನ್ನಿಗೊಂದು ಚೀಲ, ಕೈಯಲ್ಲಿ ಕಂಪನಿಯ ಫಾರ್ಮು. ಮೊದಲ ಪ್ರಶ್ನೆ, "ಡಾಟ್ ಎಲ್ಲಿ ಐತ್ರಿ ಸರ?" ಡಾಟ್ ಇಲ್ಲ, ಬಣ್ಣ ನೋಡಪ್ಪ ಎಂದು ಬೂದು ಪರದೆ ತೋರಿಸಿದೆ. ಹಿಂದೆ ಸರಿದು ನೋಡಿದ, ಪಕ್ಕಕ್ಕೆ ಬಾಗಿ ನೋಡಿದ, ಕಿಟಕಿ ಪರದೆ ಎಳೆದು ನೋಡಿದ. ಫಾರ್ಮು ನನ್ನ ಮುಂದೆ ಹಿಡಿದ. ಆನ್ ಆಗುತ್ತಿಲ್ಲ, ಗೆರೆ, ಚುಕ್ಕೆ, ಮಿನುಗು, ಒಡಕು, ಬಟನ್ ಕೆಲಸ ಮಾಡುತ್ತಿಲ್ಲ. ಒಂದೊಂದರ ಮುಂದೂ ಒಂದು ಚೌಕ. "ನನಗೂ ಕಾಣ್ತೈತ್ರಿ ಸರ, ಇಲ್ಲ ಅನ್ನಂಗಿಲ್ಲ. ಆದ್ರ ಬರಿಯಾಕ ಜಾಗಾನ ಇಲ್ಲಲ್ರಿ."

ಕಂಪನಿಯ ಮಾನಿಟರಿಗೆ ಹೀಗಾಗಲು ಕಾರಣ ಹೊರಗಿನದಲ್ಲ. ಇವತ್ತಿನ ಬಹುಪಾಲು ಎಲ್‌ಸಿಡಿಗಳ ಹಿಂದಿನ ಬಿಳಿ ಬೆಳಕು ಅಸಲಿಗೆ ನೀಲಿ ಎಲ್‌ಇಡಿ. ಅದರ ಮೇಲೆ ಹಳದಿ ಬೆಳಕು ಸೂಸುವ ಪುಡಿಯ ಲೇಪ. ನೀಲಿ, ಹಳದಿ ಕೂಡಿ ನಮಗೆ ಬಿಳಿ. ಒಂದೊಂದು ಎಲ್‌ಇಡಿಯ ಬಿಳಿಯೂ ತುಸು ಬೇರೆ. ಅವನ್ನು ಪರದೆಯ ಅಂಚಿನಲ್ಲಿ ಸಾಲಾಗಿ ಜೋಡಿಸಿ, ಆ ಬೆಳಕನ್ನು ಒಂದು ಅಕ್ರಿಲಿಕ್ ಹಲಗೆಯ ಮೂಲಕ ಪರದೆಯುದ್ದಕ್ಕೂ ಹರಡುತ್ತಾರೆ. ಅದರ ಮುಂದೆ ಕೆಲವೇ ಮೈಕ್ರಾನ್ ದಪ್ಪದ ದ್ರವಸ್ಫಟಿಕದ ಪದರ. ಆ ದಪ್ಪ ಕೂದಲಿನ ಕೂದಲಷ್ಟು ಹೆಚ್ಚುಕಮ್ಮಿಯಾದರೂ ಬಣ್ಣ ವಾಲುತ್ತದೆ. ಐಜೋ ಕಲರ್‌ಎಡ್ಜ್‌ನಂಥ ದುಬಾರಿ ಮಾನಿಟರುಗಳಲ್ಲಿ ಇಡೀ ಪರದೆಯನ್ನು ಕಾರ್ಖಾನೆಯಲ್ಲೇ ಅಳೆದು, ಹೆಚ್ಚು ಬೆಳಗುವ ಜಾಗಗಳನ್ನು ತಗ್ಗಿಸಿ ಸಮ ಮಾಡಿ ಕಳಿಸುತ್ತಾರೆ. ಅದರ ಬೆಲೆಯಲ್ಲಿ ನಾನು ಇಡೀ ಆಫೀಸು ಸಜ್ಜು ಮಾಡಬಹುದಿತ್ತು.

ಹುಡುಗ ಒಳ್ಳೆಯವನು. "ಮಿನುಗು" ಚೌಕಕ್ಕೆ ಟಿಕ್ ಹಾಕಿ, ಪಕ್ಕದಲ್ಲಿ ಸಣ್ಣಕ್ಕೆ "ಕಲರ್" ಎಂದು ಬರೆದುಕೊಂಡು ಹೋದ. ಬದಲಿ ಮಾನಿಟರ್ ಬಂತು. ಹೊಸದಲ್ಲ, ಯಾರೋ ಹಿಂದಿರುಗಿಸಿದ್ದನ್ನು ರಿಪೇರಿ ಮಾಡಿದ್ದು. ವಾರಂಟಿ ಕಾಗದ ಓದಿದರೆ ಅದಕ್ಕೂ ಅವಕಾಶವಿದೆ, ಬದಲಿ ಬಂದದ್ದಕ್ಕೆ ಹಳೆಯದರ ಉಳಿದ ಅವಧಿಯಷ್ಟೇ ವಾರಂಟಿ. ಅದರಲ್ಲಿ ಬಣ್ಣ ಪರವಾಗಿಲ್ಲ, ಕತ್ತಲಲ್ಲಿ ಕಪ್ಪು ಚಿತ್ರ ಹಾಕಿದರೆ ಕೆಳಮೂಲೆಯಿಂದ ಹಳದಿ ಬೆಳಕು ಸೋರುತ್ತಿತ್ತು. ಐಪಿಎಸ್‌ಗಳಲ್ಲಿ ಮೂಲೆಗಳು ಸಹಜವಾಗಿಯೇ ಸ್ವಲ್ಪ ಹೊಳೆಯುತ್ತವೆ, ತಲೆ ಸರಿಸಿದರೆ ಆ ಹೊಳಪೂ ಸರಿಯುತ್ತದೆ. ಇದು ಸರಿಯಲಿಲ್ಲ. ಚೌಕಟ್ಟು ಪ್ಯಾನೆಲನ್ನು ಒತ್ತಿ ಹಿಡಿದಲ್ಲಿ ಹೀಗಾಗುತ್ತದೆ. ಅದನ್ನೂ ವಾಪಸ್ ಕಳಿಸಿದೆ. ಅದರ ಮುಂದಿನದರಲ್ಲಿ ಗುಲಾಬಿ ಬಲಕ್ಕೆ, ಹಸಿರು ಎಡಕ್ಕೆ, ಜೊತೆಗೆ ನಟ್ಟನಡುವೆ ಒಂದು ಕಪ್ಪು ಚುಕ್ಕೆ. ಅಂತೂ ಫಾರ್ಮಿನಲ್ಲಿ ಜಾಗವಿರುವ ದೋಷ ಸಿಕ್ಕಿತಲ್ಲ ಎಂದು ನಾನು ಹಿಗ್ಗಿದೆ. "ಒಂದ ಐತ್ರಿ ಸರ. ಒಂದಕ್ಕ ಕೊಡಂಗಿಲ್ರಿ" ಅಂದ.

ಅಷ್ಟರಲ್ಲಿ ನನಗೂ ಹಟ ಹತ್ತಿತ್ತು. ಬಣ್ಣ ಅಳೆಯುವ ಕಲರಿಮೀಟರ್ ಒಂದನ್ನು ಫೋಟೊಗ್ರಾಫರ್ ಮಿತ್ರರೊಬ್ಬರಿಂದ ಎರವಲು ತಂದೆ. ಅಂಗೈಯಗಲದ ಸಲಕರಣೆ, ವೈರಿನ ಹಿಂದೆ ತೂಕದ ಗುಂಡು ಬಿಟ್ಟು ಪರದೆಯ ಮುಖಕ್ಕೆ ಒರಗಿಸಿ ನೇತುಹಾಕಬೇಕು. ಮಾನಿಟರ್ ಅರ್ಧ ಗಂಟೆ ಉರಿದು ಬಿಸಿಯಾದ ಮೇಲೆ ಶುರು. ತಂತ್ರಾಂಶ ಒಂದಾದ ಮೇಲೊಂದು ಬಣ್ಣ ತೋರಿಸುತ್ತದೆ, ಸಲಕರಣೆ ನೋಡಿ ವರದಿ ಮಾಡುತ್ತದೆ. ಬಿಳಿಯ ಬಿಸಿ 6500 ಕೆಲ್ವಿನ್, ಗಾಮಾ 2.2, ಬೆಳಕು 120 ಕ್ಯಾಂಡೆಲಾ ಎಂದು ಗುರಿ ಇಟ್ಟೆ. ಸಿಕ್ಕ ಬಣ್ಣಕ್ಕೂ ಸಿಗಬೇಕಿದ್ದ ಬಣ್ಣಕ್ಕೂ ಇರುವ ಅಂತರವನ್ನು ಡೆಲ್ಟಾ ಇ ಎನ್ನುತ್ತಾರೆ. ಒಂದರೊಳಗಿದ್ದರೆ ಪಳಗಿದ ಕಣ್ಣಿಗೂ ಗೊತ್ತಾಗುವುದು ಕಷ್ಟ. ನಡುವೆ ಅಳೆದಾಗ ಮಾನಿಟರ್ ಅಚ್ಚುಕಟ್ಟಾಗಿತ್ತು. ಪರದೆಯನ್ನು ಒಂಬತ್ತು ಮನೆ ಮಾಡಿ ಒಂದೊಂದನ್ನೂ ಅಳೆದೆ. ಬಲಗಡೆಯ ಮನೆಗಳಲ್ಲಿ ಡೆಲ್ಟಾ ಇ ಐದನ್ನು ದಾಟಿತು. ಕಣ್ಣು ಹೇಳಿದ್ದು ಭ್ರಮೆಯಲ್ಲ ಎಂದು ಖಾತ್ರಿಯಾಯಿತು. ಸರಿಪಡಿಸಲಾಗದು ಎಂಬುದೂ ಖಾತ್ರಿಯಾಯಿತು. ಕ್ಯಾಲಿಬ್ರೇಷನ್ ಮಾಡಿ ಬರೆಯುವ ಪ್ರೊಫೈಲು ಇಡೀ ಪರದೆಗೆ ಒಂದೇ. ಬಲದ ಗುಲಾಬಿಗೆ ಮದ್ದು ಹಾಕಿದರೆ ಎಡ ಇನ್ನಷ್ಟು ಹಸಿರು.

ಕಲರಿಮೀಟರೂ ದೇವರಲ್ಲ, ಒಂದು ಮಾತು ಹೇಳಿಬಿಡುತ್ತೇನೆ. ಹಳೆಯ ಮಾದರಿಗಳ ಒಳಗಿನ ಬಣ್ಣದ ಫಿಲ್ಟರುಗಳು ಸೆಖೆಗೆ, ತೇವಕ್ಕೆ ಮಂಕಾಗುತ್ತವೆ. ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡದೆ ಹಾಗೇ ಎಸೆದಿದ್ದ ಸಲಕರಣೆಗಳು ನೆಟ್ಟಗಿರುವ ಮಾನಿಟರನ್ನು ಹಳದಿಗೆ ತಿರುಗಿಸಿದ್ದನ್ನು ಕಂಡಿದ್ದೇನೆ.

ಒಂಬತ್ತು ಮನೆಗಳ ಕೋಷ್ಟಕವನ್ನು ಕಂಪನಿಗೆ ಕಳಿಸಿದೆ. "ನಿಗದಿತ ಮಿತಿಯೊಳಗಿದೆ" ಎಂಬ ಉತ್ತರ ಬಂತು. ಮಿತಿ ಎಷ್ಟು ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ವಕೀಲ ಮಿತ್ರರ ಬಳಿ ಹೋದೆ. ಆಗ ಜಾರಿಯಲ್ಲಿದ್ದದ್ದು 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ. ದೋಷಕ್ಕೆ ಅದು ಕೊಡುವ ವಿವರಣೆ ಉದಾರವಾದದ್ದೇ: ಗುಣಮಟ್ಟದಲ್ಲಿ ಯಾವುದೇ ಕುಂದು, ಕೊರತೆ. ಆದರೆ ಆ ಗುಣಮಟ್ಟ ಕಾನೂನಿನಲ್ಲಿ ಇರಬೇಕು, ಇಲ್ಲವೇ ಒಪ್ಪಂದದಲ್ಲಿ ಇರಬೇಕು, ಇಲ್ಲವೇ ಮಾರಿದವನು ತಾನೇ ಹೇಳಿಕೊಂಡಿರಬೇಕು. ಮಿತ್ರರು ಪೆಟ್ಟಿಗೆಯ ಫೋಟೊ ನೋಡಿದರು, ವಾರಂಟಿ ಕಾಗದ ಓದಿದರು. "ಪರದೆಯ ಎರಡೂ ಕಡೆ ಒಂದೇ ಬಣ್ಣ ಇರುತ್ತೆ ಅಂತ ಇವರು ಎಲ್ಲೂ ಹೇಳ್ಕೊಂಡಿಲ್ವಲ್ಲ ಮಾರಾಯ್ರೇ. ಮಾನಿಟರ್ ಅಂದ್ಮೇಲೆ ಅಷ್ಟು ಇರ್ಬೇಕು ಅಂತ ವಾದ ಮಾಡ್ಬಹುದು. ಮಾಡೋಣ ಅಂದ್ರೆ ಮಾಡೋಣ. ನಿಮ್ಮ ವಾರಂಟಿ ಮುಗಿಯೋದ್ರೊಳಗೆ ಮುಗಿಯುತ್ತೆ ಅಂತ ಹೇಳೋಕಾಗಲ್ಲ."

ನಾನು ಮಾಡಲಿಲ್ಲ. ಕೊನೆಗೆ ಆ ಮಾದರಿಯೇ ನಿಂತುಹೋಗಿ, ದಾಸ್ತಾನಿಲ್ಲ ಎಂದು ಕಂಪನಿ ಅದರ ಮುಂದಿನ ಮಾದರಿಯ ಹೊಸ ಮಾನಿಟರನ್ನೇ ಕೊಟ್ಟಿತು. ಅದರಲ್ಲೂ ಅಂಚುಗಳಲ್ಲಿ ಬಣ್ಣ ವಾಲುತ್ತಿತ್ತು, ಆದರೆ ನಡುವಿನ ಜಾಗ ಅಗಲವಾಗಿತ್ತು. ಫೋಟೊಶಾಪಿನ ಪಟ್ಟಿಗಳನ್ನೆಲ್ಲ ಎರಡೂ ಅಂಚಿಗೆ ತಳ್ಳಿ, ಸೀರೆಯನ್ನು ನಡುವೆ ಇಟ್ಟುಕೊಂಡು ವರ್ಷಗಟ್ಟಲೆ ಕೆಲಸ ಮಾಡಿದೆ.

ಇಷ್ಟೆಲ್ಲ ಗುದ್ದಾಡಿ ಸರಿಮಾಡಿಕೊಂಡ ಪರದೆಯಿಂದ ಹೊರಟ ಫೋಟೊ ಹೋಗಿ ಸೇರುತ್ತಿದ್ದುದು ಯಾರ್ಯಾರದೋ ಮೊಬೈಲಿಗೆ. ಶೆಟ್ಟರ ಅಂಗಡಿಗೆ ರಾಮಾ ಗ್ರೀನ್ ಸೀರೆಗಳು ವಾಪಸ್ ಬರತೊಡಗಿದವು. ಒಂದು ಪೊಟ್ಟಣದೊಳಗೆ ಚೀಟಿ: "ಫೋನಿನಲ್ಲಿ ನೀಲಿ ಇತ್ತು, ಬಂದಿರುವುದು ಹಸಿರು." ಶೆಟ್ಟರ ಮಗ ನನ್ನ ಕಡೆ ಬೊಟ್ಟು ಮಾಡಿದ, ನಾನು ಫೋಟೊಗ್ರಾಫರ್ ಕಡೆ, ಅವನು ಲೈಟಿನ ಕಡೆ. ಶೆಟ್ಟರು ನಮ್ಮನ್ನೆಲ್ಲ ಕೂರಿಸಿ ಕಾಫಿ ತರಿಸಿದರು. "ನೋಡಿ ಸ್ವಾಮಿ, ನಮ್ಮಪ್ಪನ ಕಾಲದಿಂದ ಗಿರಾಕಿ ಸೀರೆ ಆರಿಸಿದ ಮೇಲೆ ಬಾಗಿಲಿಗೆ ತಗೊಂಡು ಹೋಗಿ ಬಿಸಿಲಲ್ಲಿ ನೋಡ್ತಾರೆ. ನಾವೇ ಹೇಳ್ತೀವಿ, ಹೊರಗೆ ಹೋಗಿ ನೋಡ್ಕೊಂಡ್ ಬನ್ನಿ ಅಂತ. ನಿಮ್ ಫೋನಲ್ಲಿ ಬಾಗಿಲು ಎಲ್ಲಿದೆ?"

ಅಲ್ಲಿಂದ ನಾವು ಫೋಟೊ ತೆಗೆಯುವಾಗ ಪ್ರತಿ ಸೀರೆಯ ಜೊತೆ ಕಲರ್‌ಚೆಕರ್ ಹಲಗೆ ಇಡಲು ಶುರುಮಾಡಿದೆವು. 1976ರಿಂದ ಬಳಕೆಯಲ್ಲಿರುವ, ಇಪ್ಪತ್ನಾಲ್ಕು ಬಣ್ಣದ ಚೌಕಗಳಿರುವ ಹಲಗೆ. ಪ್ರತಿ ಚೌಕದ ಬಣ್ಣ ಇಷ್ಟೇ ಎಂದು ಮೊದಲೇ ಗೊತ್ತು. ಫೋಟೊದಲ್ಲಿ ಬಂದ ಸೀರೆಯ ಬಣ್ಣ ತಪ್ಪೋ ಸರಿಯೋ ಎಂದು ಜಗಳವಾದರೆ ಹಲಗೆ ನೋಡಿದರಾಯಿತು. ಹಲಗೆ ಸರಿಯಿದ್ದು, ನನ್ನ ಪರದೆಯ ನಡುಭಾಗ ಅಳತೆಗೆ ಸರಿಯಿದ್ದರೆ, ತಪ್ಪು ನಮ್ಮಿಂದಾಚೆಗೆ ಎಲ್ಲೋ ಇದೆ. ಕ್ಯಾಲಿಬ್ರೇಷನ್ನಿನಿಂದ ನನಗೆ ದಕ್ಕಿದ್ದು ಇಷ್ಟೇ, ಇಷ್ಟು ಸಾಕು ಕೂಡ. ಊರೆಲ್ಲರ ಮೊಬೈಲಿನಲ್ಲೂ ಒಂದೇ ಬಣ್ಣ ಕಾಣಿಸುವುದು ಯಾರ ಕೈಲೂ ಆಗದು. ಯಾರ ಮನೆಯಲ್ಲಿ ಕೆಟ್ಟಿತು ಎಂದು ತೋರಿಸಬಹುದು, ಹಾಗೆ ತೋರಿಸಲು ಸಾಲಿನಲ್ಲಿ ಒಬ್ಬನಾದರೂ ನೆಟ್ಟಗೆ ನಿಂತಿರಬೇಕು.

ರಾಮಾ ಗ್ರೀನಿನ ರಹಸ್ಯ ಬಿಡಿಸಿದವರು ಮಾತ್ರ ಪ್ರೆಸ್ಸಿನ ಮಷೀನ್‌ಮನ್. ಅಚ್ಚಿನ ಕ್ಯಾಟಲಾಗಿಗೆ ನಾನು ಲ್ಯಾಪ್‌ಟಾಪ್ ಹಿಡಿದು ಹೋಗಿದ್ದೆ, ಪರದೆಯಲ್ಲಿರುವಂತೆ ಬರಲಿ ಎಂದು. ಅವರು ಮಸಿ ಮೆತ್ತಿದ ಕೈ ಅಡ್ಡ ಹಿಡಿದು, "ಅದನ್ನ ಆಕಡೆ ಇಡಿ. ಸೀರೆ ತಂದಿದೀರಾ?" ಎಂದರು. ತಂದಿದ್ದೆ. ಹಾಳೆ ನೋಡುವ ಮೇಜಿನ ಮೇಲಿನ ದೀಪದ ಕೆಳಗೆ ಸೀರೆಯ ತುದಿ ಹಾಸಿ, ಪಕ್ಕದಲ್ಲಿ ಆಗತಾನೇ ಬಂದ ಹಾಳೆ ಇಟ್ಟರು. ಭೂತಗನ್ನಡಿ ಒತ್ತಿ ನೀಲಿ, ಹಳದಿ ಚುಕ್ಕೆಗಳನ್ನು ನೋಡಿ, ಮಸಿಯ ಕೀಲಿ ಒಂದಿಷ್ಟು ತಿರುಗಿಸಿ, ಹತ್ತಿಪ್ಪತ್ತು ಹಾಳೆ ಬಿಟ್ಟು ಮತ್ತೊಂದು ಎಳೆದರು. ಅದು ನನ್ನ ಪರದೆಗಿಂತ ಸೀರೆಗೆ ಹತ್ತಿರವಿತ್ತು.

ಇದು ನನಗೆ ತಲೆಕೆಳಗಿನ ಮಾತಾಗಿ ಕಂಡಿತು. ಪರದೆಯಲ್ಲಿ ಹೊಳೆಯುವುದೆಲ್ಲ ಅಚ್ಚಿನಲ್ಲಿ ಮಂಕಾಗುತ್ತದೆ ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಎಷ್ಟೋ ಬಣ್ಣಗಳಿಗೆ ಅದು ನಿಜ. ಆದರೆ ಎಸ್‌ಆರ್‌ಜಿಬಿ ಒಡಂಬಡಿಕೆ ಬಡವಾಗಿರುವುದೇ ನೀಲಿಗೂ ಹಸಿರಿಗೂ ನಡುವಿನ ಆ ಸೀಮೆಯಲ್ಲಿ. ಅಚ್ಚಿನ ಸಯಾನ್ ಮಸಿ ಆ ಸೀಮೆಯಲ್ಲಿ ಎಸ್‌ಆರ್‌ಜಿಬಿ ಪರದೆ ಮುಟ್ಟಲಾರದ ಜಾಗಕ್ಕೂ ಹೋಗುತ್ತದೆ. ರಾಮಾ ಗ್ರೀನ್, ಆನಂದ ಬ್ಲೂ, ನವಿಲುಗತ್ತಿನ ಬಣ್ಣಗಳೆಲ್ಲ ಕೂತಿರುವುದು ಅಲ್ಲೇ. ಪರದೆ ಆ ಬಣ್ಣ ಸಿಗದೆ ತನ್ನ ಅಂಚಿನಲ್ಲಿರುವ ಯಾವುದೋ ನೀಲಿಯನ್ನೋ ಹಸಿರನ್ನೋ ತೋರಿಸಿ ಕೈತೊಳೆದುಕೊಳ್ಳುತ್ತಿತ್ತು. ಮೊಬೈಲಿನ ಅಮೋಲೆಡ್ ಪರದೆಗಳು ಹೆಚ್ಚು ದೂರ ಹೋಗಬಲ್ಲವು, ಆದರೆ ಅವುಗಳಲ್ಲಿ ಹಲವು ಎಲ್ಲವನ್ನೂ ಬೇಕಾಬಿಟ್ಟಿ ಹಿಗ್ಗಿಸಿ ತೋರಿಸುತ್ತಿದ್ದವು. ಅದರ ಮೇಲೆ ರೇಷ್ಮೆಯಲ್ಲಿ ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು. ಮಡಿಕೆ ತಿರುಗಿದಂತೆ ನೀಲಿ ಮೇಲೆ ಬರುತ್ತದೆ, ಹಸಿರು ಮೇಲೆ ಬರುತ್ತದೆ. ಚೀಟಿ ಬರೆದ ಅಮ್ಮನವರು ಸುಳ್ಳು ಬರೆದಿರಲಿಲ್ಲ.

ರಾಯಚೂರಿನ ಹುಡುಗ ಈಗ ಕಂಪನಿ ಬಿಟ್ಟಿದ್ದಾನೆ. ಎಸ್‌ಪಿ ರಸ್ತೆಯ ಮಹಡಿಯೊಂದರ ಮೇಲೆ ಹಳೆಯ ಮಾನಿಟರ್ ಕೊಂಡು ಮಾರುವ ಅಂಗಡಿ ಇಟ್ಟಿದ್ದಾನೆ. ಅವನ ಪೆನ್‌ಡ್ರೈವಿನಲ್ಲಿ ನನ್ನ ಬೂದು ಚಿತ್ರ ಇದೆ. ಕೊಳ್ಳುವವರ ಮುಂದೆ ಅದನ್ನು ಹಾಕಿ, ವಾಲಿದ ಬಣ್ಣ ತಾನೇ ತೋರಿಸಿ, "ಅಕೌಂಟ್ಸ್ ಕೆಲಸಕ್ಕ ತಗೋರಿ, ಫೋಟೊ ಕೆಲಸಕ್ಕ ಬ್ಯಾಡ್ರಿ" ಎಂದು ಬೆಲೆ ಇಳಿಸಿಯೇ ಕೊಡುತ್ತಾನೆ. ಹೊಸ ಮಾನಿಟರುಗಳ ಪೆಟ್ಟಿಗೆಯಲ್ಲಿ ಈಗ ಕಾರ್ಖಾನೆಯಲ್ಲಿ ಅಳೆದ ವರದಿಯ ಕಾಗದ ಬರುತ್ತದೆ, ಡೆಲ್ಟಾ ಇ ಎರಡಕ್ಕಿಂತ ಕಡಿಮೆ ಎಂದು. ನಾನು ನೋಡಿದವುಗಳಲ್ಲಿ ಬಹಳಷ್ಟು ನಡುವೆ ಅಳೆದವು.

ಶೆಟ್ಟರ ಮಗ ಸ್ಟುಡಿಯೊ ಫೋಟೊಗಳನ್ನೇ ನಿಲ್ಲಿಸಿದ. ಸೀರೆಯನ್ನು ಅಂಗಡಿ ಬಾಗಿಲಿಗೆ ಒಯ್ದು, ಬಿಸಿಲಿಗೆ ಹಿಡಿದು, ಸೆರಗು ಅಲ್ಲಾಡಿಸುತ್ತ ಮೊಬೈಲಿನಲ್ಲಿ ವಿಡಿಯೊ ಮಾಡಿ ಗಿರಾಕಿಗಳಿಗೆ ವಾಟ್ಸಾಪ್ ಮಾಡುತ್ತಾನೆ. ವಾಟ್ಸಾಪು ಅದನ್ನು ಹಿಂಡಿ ಹಿಪ್ಪೆ ಮಾಡಿ ಕಳಿಸುತ್ತದೆ. ಆದರೂ ಬಟ್ಟೆ ಅಲುಗುವಾಗ ಹಾಸೂ ಕಾಣುತ್ತದೆ, ಹೊಕ್ಕೂ ಕಾಣುತ್ತದೆ, ವಾಪಸ್ ಬರುವುದು ಬಹಳ ಕಡಿಮೆಯಾಗಿದೆಯಂತೆ. ನನ್ನನ್ನು ಈಗ ಕರೆಯುವುದು ವರ್ಷಕ್ಕೊಮ್ಮೆ, ಗೋಡೆ ಕ್ಯಾಲೆಂಡರಿಗೆ. ಕೃಷ್ಣನ ಮೈಗೆ ಯಾವ ನೀಲಿ ಹಾಕಿದರೂ ಯಾರೂ ವಾಪಸ್ ಕಳಿಸುವುದಿಲ್ಲ ಎನ್ನುತ್ತಾರೆ ಶೆಟ್ಟರು. ಹೋದ ವರ್ಷ ಎಂ.ಎಸ್. ಬ್ಲೂ ಹಾಕಿದ್ದೆ.